ಮೀನಿನ ಮಾತು

ಮಾತಿನ ನಡುವೆ ನಿಲ್ಲುವ ಅಭ್ಯಾಸವಿರುವವರು ನಮ್ಮ ಸವದತ್ತಿ ಕಡೆ ಹುಟ್ಟಬಾರದು. ಇಲ್ಲಿ ಮಾತೆಂದರೆ ಹುಣ್ಣಿಮೆಯ ದಿನ ಗುಡ್ಡಕ್ಕೆ ಹೋಗುವ ಬಸ್ಸಿನ ಸೀಟು. ನೀವು ಒಂದು ಕ್ಷಣ ಎದ್ದರೆ ಸಾಕು, ಕಿಟಕಿಯೊಳಗಿಂದ ಯಾರದೋ ಟವೆಲ್ ಬಂದು ಬಿದ್ದಿರುತ್ತದೆ. ನಾನು ಒಂದು ವಾಕ್ಯದ ಕರ್ತೃಪದ ಹೇಳಿ, ಕರ್ಮಪದ ಯಾವುದಿರಬೇಕೆಂದು ವಿಚಾರ ಮಾಡುವಷ್ಟರಲ್ಲಿ ಎದುರಿಗಿದ್ದವರು ಕ್ರಿಯಾಪದ ಹಾಕಿ ಮುಗಿಸಿ, ಅದಕ್ಕೆ ಉತ್ತರವನ್ನೂ ತಾವೇ ಕೊಟ್ಟು, ಚಹಾ ಕುಡಿದು ಹೊರಟುಬಿಟ್ಟಿರುತ್ತಾರೆ. ಬೈಲಹೊಂಗಲಕ್ಕೆ ಕನ್ಯೆ ನೋಡಲು ಹೋದಾಗಲೂ ಹೀಗೇ ಆಯಿತು. ಹುಡುಗಿ ಮನಸ್ಸಿಗೆ ಬಂದಳೋ ಇಲ್ಲವೋ ಎಂದು ಹಿರಿಯರು ಕೇಳಿದರು. ನಾನು "ಹುಡುಗಿ..." ಎಂದು ನಿಂತೆ. ಹುಡುಗಿ ನನಗಿಂತ ಚುರುಕಾಗಿದ್ದಾಳೆ, ಅವಳನ್ನೂ ಒಂದು ಮಾತು ಕೇಳಿದರೆ ಒಳ್ಳೆಯದು ಎನ್ನುವುದು ನನ್ನ ಉದ್ದೇಶವಾಗಿತ್ತು. ಆದರೆ ನಾನು ನಿಂತಿದ್ದೇ ಹೂಂ ಎಂದಾಗಿ, ಸಕ್ಕರೆ ಹಂಚಿ, ತಾರೀಖು ಗೊತ್ತು ಮಾಡಿಬಿಟ್ಟರು. ಆ ಹುಡುಗಿಯೇ ವಿಮಲಾ. ಉಳಿದರ್ಧ ವಾಕ್ಯವನ್ನು ನಾನು ಇಂದಿಗೂ ಅವಳಿಗೆ ಹೇಳಿಲ್ಲ. ಆರಂಭಿಸಿದರೆ ಅವಳು ಮುಗಿಸಿಬಿಡುತ್ತಾಳೆ.

ಈ ಮಂದಗತಿಯಿಂದ ನನಗೆ ಅನ್ನ ಸಿಕ್ಕಿದ್ದು ಒಂದೇ ಜಾಗದಲ್ಲಿ. ಊರಿನ ಮುದ್ರಣಾಲಯವೊಂದರಲ್ಲಿ ಮದುವೆ, ಮುಂಜಿ, ಗೃಹಪ್ರವೇಶದ ಆಮಂತ್ರಣ ಪತ್ರಿಕೆಗಳ ಕರಡು ತಿದ್ದುವುದು ನನ್ನ ಕೆಲಸ. ಅಜ್ಜ ಪುರಾಣ ಹೇಳುತ್ತಿದ್ದರು, ತಂದೆ ಪಂಚಾಂಗ ನೋಡುತ್ತಿದ್ದರು, ನಾನು ಕೊಂಬು ನೋಡುತ್ತೇನೆ. ಒಂದು ಕೊಂಬು ತಪ್ಪಿದರೆ ವರನ ಹೆಸರೇ ಬದಲಾಗುತ್ತದೆ. ಒಂದು ಸೊನ್ನೆ ಬಿದ್ದುಹೋದರೆ ಬೀಗರು ಮುಖ ತಿರುಗಿಸುತ್ತಾರೆ. ಆದ್ದರಿಂದ ಕಣ್ಣಿಗೆ ಕಂಡದ್ದನ್ನು ಕಂಡಷ್ಟೇ ಹೇಳುವುದು ನನಗೆ ರೂಢಿಯಾಗಿದೆ. ನಮ್ಮ ಓಣಿಯಲ್ಲಿ ಯಾರದು ತಪ್ಪು ಎಂಬ ತಕರಾರು ಬಂದರೆ ನನ್ನನ್ನು ಕರೆಯುತ್ತಿದ್ದರು. ನಾನು ಹೇಳಿ ಮುಗಿಸುವ ತನಕ ಕಾಯುವುದು ಅವರಿಗೆ ಶಿಕ್ಷೆಯೇ. ಆದರೂ ಕಾಯುತ್ತಿದ್ದರು, ಏಕೆಂದರೆ ಶ್ರೀಪಾದ ಹೇಳಿದನೆಂದರೆ ಅಲ್ಲಿಗೆ ಮುಗಿಯಿತು ಎಂಬ ನಂಬಿಕೆ ಇತ್ತು. ನನ್ನ ಬಳಿ ಇದ್ದ ಆಸ್ತಿ ಇದೊಂದೇ. ಅದನ್ನು ಕಳೆದದ್ದು ಒಂದು ಮೀನು.

ಮಡಿ-ಮೈಲಿಗೆಯ ಮನೆಯಲ್ಲಿ ಬೆಳೆದ, ಬದನೆಕಾಯಿಯನ್ನೂ ಚಾತುರ್ಮಾಸದಲ್ಲಿ ಮುಟ್ಟದ ಮನುಷ್ಯನಿಗೆ ಮೀನಿನ ಸಹವಾಸ ಹೇಗೆ ಬಂತೆಂದು ನೀವು ಕೇಳಬಹುದು. ಬಂದದ್ದು ಕಣ್ಣಿನ ಡಾಕ್ಟರಿಂದ. ಕರಡು ನೋಡಿ ನೋಡಿ ಕಣ್ಣು ಉರಿಯತೊಡಗಿದಾಗ ಅವರು, ದಿನಾ ಸ್ವಲ್ಪ ಹೊತ್ತು ದೂರದ ವಸ್ತು ನೋಡಿರಿ, ನೀರು ನೋಡಿದರೆ ಇನ್ನೂ ಒಳ್ಳೆಯದು ಎಂದರು. ಮಲಪ್ರಭೆಯ ಹಿನ್ನೀರು ನಮ್ಮ ಮಗ್ಗುಲಲ್ಲೇ ಇದೆ. ಹೋಗಿ ನೋಡಿದೆ. ಬರೀ ನೀರು ಎಷ್ಟು ಹೊತ್ತು ನೋಡುವುದು? ಮೊಬೈಲಿನಲ್ಲಿ ನೀರಿನ ವಿಡಿಯೊ ಹುಡುಕಿದೆ. ಹಾಗೆ ಕಂಡದ್ದು, ಯಾವುದೋ ದೇಶದ ಗೃಹಸ್ಥರು ದೋಣಿಯಲ್ಲಿ ನಿಂತು ಬಾಸ್ ಎಂಬ ಮೀನು ಹಿಡಿಯುವ ದೃಶ್ಯ. ಕನ್ನಡದ ಹುಡುಗನೊಬ್ಬ ಅದಕ್ಕೆ ವಿವರಣೆ ಕೊಟ್ಟು, ಮೇಲೆ ದಪ್ಪ ಅಕ್ಷರದಲ್ಲಿ "ಬಾಸ್ ಹಿಡಿಯುವ ಗುಟ್ಟು" ಎಂದು ಹಾಕಿದ್ದ. ವಿಮಲಾ ನನ್ನ ಹೆಗಲ ಮೇಲಿಂದ ಅದನ್ನು ಓದಿ, "ಅಂತೂ ಬುದ್ಧಿ ಬಂತಲ್ಲ ನಿಮಗ. ಮೊದಲ ಪಗಾರ ಹೆಚ್ಚಿಸೋ ಮಾತು ತಗೀರಿ" ಎಂದಳು. ನಮ್ಮ ಕಡೆ ಆ ಹೆಸರಿನ ಮೀನಿಲ್ಲ, ಬಾಸ್ ಅಂದರೆ ನಮ್ಮ ಪ್ರೆಸ್ಸಿನ ಮಾಲೀಕರು ಒಬ್ಬರೇ, ಅವರನ್ನು ಹಿಡಿಯುವ ಗಾಳ ಇನ್ನೂ ತಯಾರಾಗಿಲ್ಲ ಎಂದು ಹೇಳುವಷ್ಟರಲ್ಲಿ ಅವಳು ಒಗ್ಗರಣೆಗೆ ಹೋಗಿಬಿಟ್ಟಿದ್ದಳು.

ನನ್ನನ್ನು ಮರುಳು ಮಾಡಿದ್ದು ಆ ಮೀನಲ್ಲ, ಅದನ್ನು ಹಿಡಿಯುವ ಸಾಧನ. ಅದಕ್ಕೆ ಜರ್ಕ್‌ಬೇಟ್ ಎನ್ನುತ್ತಾರೆ. ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ಕಿನ ಮರಿಮೀನು. ಬೆಳ್ಳಿಯ ಹೊಟ್ಟೆ, ಬರೆದಿಟ್ಟ ಕಣ್ಣು, ಗದ್ದದ ಕೆಳಗೆ ಒಂದು ಪಾರದರ್ಶಕ ತುಟಿ, ಹೊಟ್ಟೆಯಡಿಗೆ ಕೊಕ್ಕೆ. ಎಸೆದು, ಕೋಲಿನ ತುದಿಯಿಂದ ಎರಡು ಸಲ ಜಗ್ಗಬೇಕು. ಅದು ಗಾಬರಿ ಬಿದ್ದವರಂತೆ ಅತ್ತ ಒಮ್ಮೆ ಇತ್ತ ಒಮ್ಮೆ ಓಡುತ್ತದೆ. ಆಮೇಲೆ ನಿಲ್ಲಿಸಬೇಕು. ನಿಲ್ಲಿಸಿದಾಗ ಅದು ತೇಲುವುದಿಲ್ಲ, ಮುಳುಗುವುದಿಲ್ಲ, ನೀರಿನ ನಡುವೆ ಹೇಗಿದೆಯೋ ಹಾಗೇ ನಿಂತುಬಿಡುತ್ತದೆ, ಬೀಗರ ಮನೆಯಲ್ಲಿ ನಾನು ನಿಲ್ಲುವ ಹಾಗೆ. ದೊಡ್ಡ ಮೀನು ಕಚ್ಚುವುದು ಜಗ್ಗಿದಾಗ ಅಲ್ಲ, ನಿಲ್ಲಿಸಿದಾಗ. ಆ ವಿವರಣೆಯ ಹುಡುಗ, "ಬಹಳ ಜನ ಇಲ್ಲೇ ಸೋಲುತ್ತಾರೆ, ಅವರಿಗೆ ನಿಲ್ಲಲು ಬರುವುದಿಲ್ಲ" ಎಂದ. ನನ್ನ ಮೈ ಜುಂ ಎಂದಿತು. ನಿಲ್ಲುವುದೇ ವಿದ್ಯೆಯಾಗಿರುವ ಕಸುಬು ಜಗತ್ತಿನಲ್ಲಿ ಒಂದು ಉಂಟೆಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಕೋಲು, ದಾರ ಸುತ್ತುವ ರಾಟೆ, ಆ ಪ್ಲಾಸ್ಟಿಕ್ ಮೀನು ಮೂರೂ ಅಂಚೆಯಲ್ಲಿ ಬಂದವು. ವಿಮಲಾ ಷರತ್ತು ಹಾಕಿದಳು: ಆ ಮೀನು ಅಡಿಗೆಮನೆಯ ಹೊಸ್ತಿಲು ದಾಟಬಾರದು, ಬಂದ ಕೂಡಲೇ ಸ್ನಾನ, ಹಿಡಿದದ್ದನ್ನು ನೀರಿಗೇ ಬಿಟ್ಟು ಬರುವುದು. ಪ್ಲಾಸ್ಟಿಕ್ಕಿಗೆ ಯಾವ ಮೈಲಿಗೆ ಎಂದು ನಾನು ಕೇಳಬೇಕೆಂದಿದ್ದೆ. ನಮ್ಮ ಹಿನ್ನೀರಿನಲ್ಲಿ ಇಂಥ ಗಾಳಕ್ಕೆ ಬೀಳುವುದು ಹಾವಿನಂಥ ತಲೆಯ ಮೀನು. ಮರಾಠಿಯ ಗಾಳಿ ತಾಕಿದ ನಮ್ಮ ಜನ ಅದನ್ನು ಮರಳ ಎನ್ನುತ್ತಾರೆ. ಮರಳ ಹಿಡಿಯಲು ಹೋಗುವವನಿಗೂ ಮರುಳನಿಗೂ ಒಂದು ಕೊಂಬಿನಷ್ಟೇ ವ್ಯತ್ಯಾಸ ಎಂದು ನಾನೇ ಮೊದಲು ಹೇಳಿದೆ, ಇನ್ನೊಬ್ಬರು ಹೇಳುವ ಮೊದಲು.

ನಮಗೆ ಹಾಲು ಹಾಕುವ ಯಲ್ಲಪ್ಪನ ಹೊಲ ಹಿನ್ನೀರಿನ ದಂಡೆಯಲ್ಲೇ ಇದೆ. ಅದರ ಕೆಳಗೆ, ಮುಳುಗಡೆಯಾದ ಯಾವುದೋ ಮನೆಯ ಹೊಸ್ತಿಲಿದ್ದಿರಬೇಕು, ಒಂದು ಹಾಸುಗಲ್ಲು ನೀರಿನಡಿ ಕಾಣುತ್ತದೆ. ಒಂದು ಬೆಳಿಗ್ಗೆ ಅಲ್ಲಿ ನಿಂತು ಎಸೆಯುತ್ತಿದ್ದೆ. ಈಗ ಹೇಳುವುದನ್ನು ಕಂಡಷ್ಟೇ ಹೇಳುತ್ತೇನೆ. ನನ್ನ ಪ್ಲಾಸ್ಟಿಕ್ ಮರಿ ದಂಡೆಗೆ ಸಮೀಪ ಬಂದಾಗ ಅದರ ಹಿಂದೆ ಒಂದು ಕಪ್ಪು ನೆರಳು ಬಂತು. ನಾನು ನಿಲ್ಲಿಸಿದೆ. ನೆರಳೂ ನಿಂತಿತು, ಸರಿಯಾಗಿ ಹಾಸುಗಲ್ಲಿನ ಮೇಲೆ. ಆಗ ಅದು ನೆರಳಲ್ಲ, ಮರಳ ಎಂದು ಗೊತ್ತಾಯಿತು. ಮೂತಿ ಕಲ್ಲಿನ ಅಂಚಿಗಿತ್ತು, ಬಾಲ ಕಲ್ಲಿನ ಬಿರುಕಿಗೆ. ಅದು ಪ್ಲಾಸ್ಟಿಕ್ ಮರಿಯನ್ನು ನೋಡಿತು. ನನ್ನನ್ನು ನೋಡಿತು. ಇಬ್ಬರಲ್ಲಿ ಯಾರೂ ಮನಸ್ಸಿಗೆ ಬರಲಿಲ್ಲವೆಂಬಂತೆ ನಿಧಾನವಾಗಿ ತಿರುಗಿ ಹೋಯಿತು. ಫೋಟೊ ತೆಗೆಯೋಣವೆಂದರೆ ಮೊಬೈಲು ಚೀಲದಲ್ಲಿತ್ತು, ಚೀಲ ಬೇವಿನ ಗಿಡಕ್ಕಿತ್ತು. ಪ್ಯಾಂಟು ಮಡಚಿ ನೀರಿಗಿಳಿದು ಅಂಚಿನಿಂದ ಬಿರುಕಿನವರೆಗೆ ಗೇಣು ಹಾಕಿದೆ. ಎರಡೂವರೆ ಗೇಣು. ಅನುಮಾನ ಬಂದು ಎಡಗೈಯಿಂದಲೂ ಹಾಕಿದೆ. ಎರಡೂವರೆಯೇ.

ಅಂದು ನನ್ನ ಹೆಂಡತಿಯ ತಮ್ಮ ರಾಘು ಊಟಕ್ಕೆ ಬಂದಿದ್ದ. ಬೈಲಹೊಂಗಲದ ಅಡತಿ ಅಂಗಡಿಯಲ್ಲಿ ಕೆಲಸ. ದಿನವಿಡೀ ಮಾಲಿನ ಸವಾಲು, ಅಂದರೆ ಹರಾಜು, ಕೂಗುವವನು. ಅಲ್ಲಿ ಒಂದು ಉಸಿರು ನಿಂತರೆ ಚೀಲ ಇನ್ನೊಬ್ಬರ ಪಾಲು. ನಾನು ಮೀನಿನ ಸಂಗತಿ ಹೇಳುತ್ತ ಎರಡೂವರೆ ಗೇಣಿಗೆ ಬರುವಷ್ಟರಲ್ಲಿ ಅವನು ಎರಡು ರೊಟ್ಟಿ ಮುಗಿಸಿ ನಗತೊಡಗಿದ್ದ.

"ನೀವೂ ಸುರು ಮಾಡಿದ್ರೇನು ಭಾವಾ? ಗಾಳ ಹಾಕೋರು ಎಲ್ಲಾರೂ ಹಿಂಗ ಹೇಳ್ತಾರ. ಮೀನ ನೀರಾಗ ಬೆಳೆಯೂದಿಲ್ಲ, ಮಾತಿನಾಗ ಬೆಳೀತದ."

ಕಲ್ಲಿನ ಅಂಚು, ಬಿರುಕು, ಎರಡೂ ಕೈಯ ಗೇಣು ಎಲ್ಲ ಹೇಳಿದೆ. ಹೇಳಿದಷ್ಟೂ ಅವನ ನಗು ಹೆಚ್ಚಾಯಿತು. ವಿಮಲಾ ಮೊದಲು ನಗಲಿಲ್ಲ. ಆಮೇಲೆ ಅವಳೂ ಮಜ್ಜಿಗೆ ಬಡಿಸುತ್ತ ನಕ್ಕಳು. ಮರುದಿನ ನಾನು ಗ್ಯಾಸ್ ಸಿಲಿಂಡರ್ ಬಂದಿದೆ ಎಂದು ಹೊರಗಿನಿಂದ ಕೂಗಿದಾಗ ಒಳಗಿನಿಂದ ಉತ್ತರ ಬಂತು: "ಇದು ಖರೇ ಮಾತೋ, ಮೀನಿನ ಮಾತೋ?"

ಹೀಗೆ ಹುಟ್ಟಿತು ಆ ಶಬ್ದ. ನಾನು ಆಯುಷ್ಯವಿಡೀ ಶಬ್ದಗಳ ಜೊತೆ ಇದ್ದವನು. ಯಾವ ಶಬ್ದ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಇದು ನಿಲ್ಲುವ ಜಾತಿಯದು. ವಾರ ತುಂಬುವುದರೊಳಗೆ ಪ್ರೆಸ್ಸಿಗೆ ಹೋಯಿತು. ವಧುವಿನ ಹೆಸರಿನಲ್ಲಿ 'ಳ' ಇರಬೇಕಾದಲ್ಲಿ 'ಲ' ಬಿದ್ದಿದೆ ಎಂದು ನಾನು ತೋರಿಸಿದರೆ ಮಾಲೀಕರು ಕನ್ನಡಕ ಏರಿಸಿ, ಇದು ಮೀನಿನ ಮಾತಲ್ಲ ತಾನೇ ಎಂದು ವಿಚಾರಿಸಿ ಸ್ವತಃ ನೋಡಿದರು. ಅಲ್ಲಿಯವರೆಗೆ ಅವರು ನನ್ನ ತಿದ್ದುಪಡಿಯ ಗುರುತು ಬಿದ್ದಲ್ಲಿ ತಿರುಗಿ ನೋಡಿದವರಲ್ಲ.

ಇಷ್ಟೆಲ್ಲ ನಗುತ್ತ ಸಹಿಸಬಹುದಿತ್ತು. ಆದರೆ ಪಕ್ಕದ ಮನೆಯ ಸಿಂಧೂಕಾಕುವಿನ ತುಳಸಿಕಟ್ಟೆಯ ಮೂಲೆ ಒಡೆಯಿತು. ಒಡೆದದ್ದು ಹೇಗೆಂದು ನಾನು ನೋಡಿದ್ದೆ. ನಮ್ಮ ಕಟ್ಟೆಯ ಮೇಲೆ ಕೂತು ಒಂದು ಮುಂಜಿಯ ಕರಡು ನೋಡುತ್ತಿದ್ದೆ. ಕಾಕುವಿನ ಅಳಿಯ ಕಾರನ್ನು ಹಿಂದಕ್ಕೆ ತೆಗೆಯುವಾಗ ಅದರ ಹಿಂಭಾಗ ತುಳಸಿಕಟ್ಟೆಗೆ ತಾಗಿತು. ಅವನು ಇಳಿದು ನೋಡಿದ, ಅತ್ತ ಇತ್ತ ನೋಡಿದ, ಒಳಗೆ ಹೋಗಿ ಹೋಳಿಗೆ ಊಟ ಮಾಡಿ ಊರಿಗೆ ಹೋದ. ಆಪಾದನೆ ಮಾತ್ರ ಯಲ್ಲಪ್ಪನ ಮೇಲೆ ಬಂತು. ಕ್ಯಾನು ತೂಗುಹಾಕಿದ ಅವನ ಮೋಟರ್‌ಸೈಕಲ್ಲೇ ಹೊಡೆದಿರಬೇಕೆಂದು ಕಾಕು ಓಣಿ ಕೂಡಿಸಿದರು. ಯಲ್ಲಪ್ಪ ಬೇರೆ ಏನೂ ಹೇಳದೆ ನನ್ನ ಕಡೆ ಕೈ ತೋರಿಸಿದ. ರಾಯರು ಕಟ್ಟೆಯ ಮೇಲೆ ಇದ್ದರು, ಅವರನ್ನೇ ಕೇಳಿರಿ ಎಂದ.

ಎಲ್ಲರೂ ನನ್ನ ಕಡೆ ತಿರುಗಿದರು. ಅಳಿಯನ ಮಾತನ್ನು ಅತ್ತೆಯ ಎದುರು ಹೇಳುವುದು ಹೇಗೆಂದು ವಿಚಾರ ಮಾಡುತ್ತ ನಾನು, "ಕಾಕು, ನಾ ನೋಡಿದ್ದು..." ಎಂದು ನಿಂತೆ.

"ಮೀನು," ಎಂದರು ಕಾಕು.

ಇಡೀ ಓಣಿ ನಕ್ಕಿತು. ಆ ನಗುವಿನ ಅಡಿಯಲ್ಲಿ ನಾನು ಕಾರಿನ ಸಂಗತಿ ಪೂರ್ತಿ ಹೇಳಿದೆ. ಯಾರಿಗೂ ಅದು ಮುಟ್ಟಲಿಲ್ಲ. ಅಳಿಯ ದೇವರಂಥವರು, ಅವರ ಮೇಲೆ ಮೀನಿನ ಮಾತು ಹೇಳಬೇಡ ಎಂದು ಕಾಕು ನನ್ನನ್ನೇ ಗದರಿಸಿದರು. ಮರುದಿನದಿಂದ ಯಲ್ಲಪ್ಪನ ಹಾಲು ಬಿಡಿಸಿದರು. ಕಾಕು ಬಿಟ್ಟರೆಂದು, ನಮ್ಮ ಮನೆಯೊಂದನ್ನು ಬಿಟ್ಟು, ಓಣಿಯ ಉಳಿದ ಮನೆಗಳೂ ಒಂದೊಂದಾಗಿ ಪ್ಯಾಕೆಟ್ಟಿನ ಹಾಲಿಗೆ ಹೋದವು. ಅವನ ಕ್ಯಾನು ನಮ್ಮ ಓಣಿಗೆ ತುಂಬಿಕೊಂಡು ಬಂದು ಹೆಚ್ಚುಕಡಿಮೆ ತುಂಬಿಕೊಂಡೇ ಹೋಗತೊಡಗಿತು. ಹಿನ್ನೀರಿನ ದಂಡೆಯಲ್ಲಿ ಭೇಟಿಯಾದಾಗ ಅವನೇ ಸಮಾಧಾನ ಹೇಳಿದ.

"ಹೋಗ್ಲಿ ಬಿಡ್ರಿ ರಾಯರ. ಕಾರ್ ಹೊಡದದ್ದು ನೀವು ನೋಡೀರಿ, ದೇವರ ನೋಡ್ಯಾನ. ಇಬ್ಬರ ಮಾತೂ ಕಾಕು ಕೇಳಾಂಗಿಲ್ಲ."

ದೇವರ ಮಾತಿಗೆ ನಾನು ಜವಾಬ್ದಾರನಲ್ಲ. ನನ್ನ ಮಾತನ್ನಾದರೂ ನಾನು ತಿರುಗಿ ಪಡೆಯಬೇಕು. ಅದಕ್ಕೆ ದಾರಿ ಒಂದೇ: ಆ ಮೀನನ್ನು ಎಲ್ಲರ ಕಣ್ಣಮುಂದೆ ಹಿಡಿಯುವುದು. ಮುಂದಿನ ಭಾನುವಾರ ರಾಘು ಬಂದಾಗ, ನಡೆ ನೋಡುವಿಯಂತೆ ಎಂದೆ. ಅವನು ಚೇಷ್ಟೆ ಮಾಡುವ ಆಸೆಯಿಂದ ಹೊರಟ. ವಿಮಲಾ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಕಟ್ಟಿಕೊಂಡು ತಾನೂ ಬಂದಳು. ಅವಳು ಬಂದದ್ದು ನನ್ನ ಮೇಲಿನ ವಿಶ್ವಾಸದಿಂದಲೋ ಅನುಮಾನದಿಂದಲೋ ನನಗೆ ಗೊತ್ತಾಗಲಿಲ್ಲ, ಗೊತ್ತಾಗದ್ದನ್ನು ನಾನು ಹೇಳುವುದಿಲ್ಲ. ಯಲ್ಲಪ್ಪ ಹೊಲದಿಂದ ಇಳಿದು ಬಂದು ದಂಡೆಯ ಕಲ್ಲೊಂದರ ಮೇಲೆ ಕೂತ. ಅಷ್ಟು ದೊಡ್ಡ ಮೀನಿಗೆ ಪ್ಲಾಸ್ಟಿಕ್ ತಿನ್ನುವಂಥ ಪಾಡು ಯಾಕೆ ಬರಬೇಕು ಎಂಬ ಪ್ರಶ್ನೆ ಅವನಿಗೂ ಇತ್ತು. ನನ್ನ ಮರ್ಯಾದೆಗಾಗಿ ಅದನ್ನು ಮೆಲ್ಲಗೆ ಕೇಳಿದ.

ಮೊದಲು ರಾಘು ಕೋಲು ಇಸಿದುಕೊಂಡ. ಅವನು ಎಸೆದದ್ದು ಚೆನ್ನಾಗಿತ್ತು, ನನಗಿಂತ ದೂರ ಬಿತ್ತು. ಆದರೆ ಎಳೆದದ್ದು ಸವಾಲು ಕೂಗುವ ಹಾಗೆ, ಒಂದೇ ಉಸಿರಿಗೆ. ಪ್ಲಾಸ್ಟಿಕ್ ಮರಿ ರೈಲು ತಪ್ಪಿದವರಂತೆ ಓಡಿ ಓಡಿ ದಂಡೆಗೆ ಬಂದು ಬಿತ್ತು. ಮತ್ತೆ ಎಸೆದ, ಮತ್ತೆ ಅದೇ. ಒಂದು ತಾಸಿನ ಮೇಲೆ, ಇಲ್ಲಿ ಮೀನೇ ಇಲ್ಲ ಎಂದು ತೀರ್ಪು ಕೊಟ್ಟು ಕೋಲು ನನ್ನ ಕೈಗಿತ್ತು, ಮೊಬೈಲ್ ತೆಗೆದು ನನ್ನ ಸೋಲನ್ನು ಚಿತ್ರೀಕರಿಸಲು ನಿಂತ.

ನಾನು ಎಸೆದೆ. ಎರಡು ಸಲ ಜಗ್ಗಿದೆ. ನಿಲ್ಲಿಸಿದೆ.

ನಮ್ಮ ಜನರಿಗೆ ನಿಂತದ್ದನ್ನು ನೋಡಲು ಆಗುವುದಿಲ್ಲ. ವಿಮಲಾ ಹಿಂದಿನಿಂದ, "ಯಾಕ ನಿಂತ್ರಿ? ಎಳೀರಿ" ಎಂದಳು. ನಾನು ಎಳೆಯಲಿಲ್ಲ.

"ಸುಮ್ಮನಿರ ಅಕ್ಕಾ," ಎಂದ ರಾಘು, "ಭಾವ ಇನ್ನೂ ಕರ್ಮಪದ ಹುಡಕಲಿಕ್ಕೆ ಹತ್ಯಾರ."

ಆಗ ದಾರ ಬಿಗಿಯಿತು. ಜಗ್ಗಿದ ಹಾಗೆ ಅಲ್ಲ. ಬಾವಿಯಲ್ಲಿ ಕೊಡ ತುಂಬಿ ಹಗ್ಗ ಭಾರವಾಗುತ್ತದಲ್ಲ, ಹಾಗೆ. ಆಮೇಲೆ ಆ ಕೊಡಕ್ಕೆ ಜೀವ ಬಂತು. ರಾಟೆ ಕಿರ್ರೆಂದು ಕೂಗಿತು. ಕೋಲು ಬಾಗಿ ಅದರ ತುದಿ ನೀರು ಮುಟ್ಟಿತು. ಮುಂದೆ ನಡೆದದ್ದರ ಕ್ರಮ ನನಗೆ ಸ್ಪಷ್ಟವಿಲ್ಲ. ಮೀನು ಜೊಂಡಿನ ಕಡೆ ಓಡಿತು, ನಾನು ಇತ್ತ ಎಳೆದೆ. ಕಾಲಡಿ ಕೆಸರು ಜಾರಿತು. ಮಡಿ, ಮೈಲಿಗೆ, ಷರತ್ತು ಎಲ್ಲ ಮರೆತು ವಿಮಲಾ ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದಳು. ಅತ್ತ ಮೀನು, ಇತ್ತ ಹೆಂಡತಿ, ನಡುವೆ ನಾನು. ಅಂಗಿಯ ಗುಂಡಿಗಳು ಒಂದೊಂದಾಗಿ ಹಾರಿದವು. ಯಲ್ಲಪ್ಪ ಸೊಂಟದ ತನಕ ನೀರಿಗಿಳಿದು, ಮೀನನ್ನು ಎರಡೂ ಕೈಯಿಂದ ದಂಡೆಗೆ ಒತ್ತಿ ತಂದು ಅದೇ ಹಾಸುಗಲ್ಲಿನ ಮೇಲೆ, ನೀರಿನಲ್ಲೇ ಹಿಡಿದು ನಿಲ್ಲಿಸಿದ.

ಮೂತಿ ಕಲ್ಲಿನ ಅಂಚಿಗಿತ್ತು. ಬಾಲ ಬಿರುಕಿಗಿತ್ತು.

ರಾಘು ಬಗ್ಗಿ ತನ್ನ ಕೈಯಿಂದ ಗೇಣು ಹಾಕಿ ನೋಡಿದ. ಎರಡೂವರೆ. ಇನ್ನೊಮ್ಮೆ ಹಾಕಿದ. ಹುಟ್ಟಿದಂದಿನಿಂದ ಮಾತು ನಿಲ್ಲಿಸದ ಆ ಮನುಷ್ಯ ಅಂದು ನಿಂತುಬಿಟ್ಟ. ಆ ಮೌನವನ್ನು ನಾನು ತುಂಬಲಿಲ್ಲ. ಪೂರ್ತಿ ಅನುಭವಿಸಿದೆ. ಬಹಳ ಹೊತ್ತಿನ ಮೇಲೆ ಅವನು, "ಭಾವಾ, ಅವತ್ತಿನ ಮೀನ ಇದು" ಎಂದ. ನಾನು ಹಾಗೆ ಹೇಳಲಾರೆ. ಅದೇ ಮೀನೆಂದು ಗುರುತಿಸುವ ಚಿಹ್ನೆ ಯಾವುದನ್ನೂ ನಾನು ನೋಡಿರಲಿಲ್ಲ, ಅಳತೆ ಮಾತ್ರ ಅದೇ ಎಂದೆ. ಹೀಗೆಂದದ್ದಕ್ಕೆ ಅವನು ಕೈ ಮುಗಿದ.

ವಿಮಲಾ ಬಗ್ಗಿ ನೋಡಿ, "ಬಿಡ್ರಿ ಇನ್ನ, ಅದರ ಜೀವ ಬಾಯಿಗೆ ಬಂದದ" ಎಂದಳು. ಕೊಕ್ಕೆ ಬಿಡಿಸಿದೆ. ಯಲ್ಲಪ್ಪನ ಕೈ ಮಾತ್ರ ಬಿಡಲು ಒಪ್ಪಲಿಲ್ಲ. "ನೀವು ತಿನ್ನಂಗಿಲ್ಲ, ಖರೆ. ನಾ ಏನ್ ಪಾಪ ಮಾಡೀನ್ರಿ ರಾಯರ?" ಎಂದು ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಮೀನು ತಾನೇ ಬಾಲ ಬೀಸಿ, ಅವನ ಮುಖಕ್ಕೆ ನೀರು ಎರಚಿ ಹೋಯಿತು.

ವಿಡಿಯೊ ಇದೆಯಲ್ಲ, ಇನ್ನೇನು ಎಂದು ಬುತ್ತಿ ಬಿಚ್ಚಿ ಕೂತೆವು. ರಾಘುವಿನ ಮೊಬೈಲು ನೋಡಿದರೆ, ಗಡಿಬಿಡಿಯಲ್ಲಿ ಕ್ಯಾಮೆರಾ ತಿರುವುಮುರುವಾಗಿ, ಮೊದಲಿನಿಂದ ಕೊನೆಯ ತನಕ ಬಂದದ್ದು ಅವನದೇ ಮುಖ. ಬಾಯಿ ತೆರೆದದ್ದು ಒಮ್ಮೆಯೂ ಮುಚ್ಚಿಲ್ಲ. ಹಿನ್ನೆಲೆಯಲ್ಲಿ ನೀರಿನ ಸದ್ದು, ಗುಂಡಿ ಹಾರುವ ಸದ್ದು, ವಿಮಲಾ ಕುಲದೇವರ ಹೆಸರು ಕೂಗುವ ಸದ್ದು. ಮೀನಿನ ಒಂದು ಚುಕ್ಕೆಯೂ ಇಲ್ಲ.

ಹೀಗಾಗಿ ಉಳಿದದ್ದು ಬರೀ ಬಾಯಿಮಾತು. ಆದರೆ ಈ ಸಲ ಬಾಯಿ ನನ್ನದಾಗಿರಲಿಲ್ಲ. ವಿಮಲಾ ಓಣಿಯ ತಿರುವಿನಲ್ಲೇ ಆರಂಭಿಸಿದಳು. ಹೂವಿನವಳಿಗೆ ಹೇಳುವಾಗ ಮೀನು ಲಟ್ಟಣಿಗೆಗಿಂತ ತುಸು ಉದ್ದವಿತ್ತು. ಇದು ಸರಿಯಾದ ಅಳತೆ, ನನಗೆ ಸಮಾಧಾನವಾಯಿತು. ಎದುರು ಮನೆಯವರಿಗೆ ಹೇಳುವಾಗ ಕಡಗೋಲಿನಷ್ಟಾಯಿತು. ಸಿಂಧೂಕಾಕುವಿನ ಪಡಸಾಲೆಗೆ ಬರುವಷ್ಟರಲ್ಲಿ ಅದು ಒನಕೆಯಷ್ಟಾಗಿತ್ತು. ರಾಘು ಪ್ರತಿ ಮನೆಯಲ್ಲೂ ಹೌದು ಹೌದು ಎಂದು ತಲೆ ಆಡಿಸುತ್ತಿದ್ದ. ಮೀನು ಮಾತಿನಲ್ಲಿ ಬೆಳೆಯುತ್ತದೆಂಬ ತನ್ನ ತತ್ವವನ್ನು ತಾನೇ ಸಾಧಿಸುತ್ತಿದ್ದ.

ಕಾಕು ಒನಕೆಯನ್ನು ಸುಲಭವಾಗಿ ಒಪ್ಪುವವರಲ್ಲ. ಬಾಗಿಲಲ್ಲಿ ನಿಂತ ನನ್ನ ಕಡೆ, ಗುಂಡಿಯಿಲ್ಲದ ನನ್ನ ಅಂಗಿಯ ಕಡೆ ನೋಡಿದರು.

"ಏನೋ ಶ್ರೀಪಾದ, ವಿಮಲಾ ಹೇಳೂದು ಖರೇ ಏನು? ಒನಕಿಯಷ್ಟಿತ್ತು?"

ಎರಡೂವರೆ ಗೇಣು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಹೇಳಿದರೆ ಹೆಂಡತಿ ಸುಳ್ಳಾಗುತ್ತಾಳೆ, ಅಷ್ಟೂ ಜನರ ಎದುರಿನಲ್ಲಿ. ಎರಡನ್ನೂ ಉಳಿಸುವ ವಾಕ್ಯ ಒಂದು ಇದ್ದೇ ಇರಬೇಕು ಎನಿಸಿತು. "ಕಾಕು, ಆ ಮೀನು..." ಎಂದೆ. "ಅಂದರ, ನಾ ನೋಡಿದ್ದು..." ಎಂದೆ. ಎರಡು ಸಲ ಜಗ್ಗಿದ ಹಾಗೆ ಆಯಿತು. ನಿಂತೆ.

ಕಾಕು ಕಾದರು. ಅವರಿಗೂ ನಿಂತದ್ದನ್ನು ನೋಡಲು ಆಗುವುದಿಲ್ಲ.

"ಆತು ಬಿಡು," ಎಂದರು. "ಸುಳ್ಳಿದ್ದರ ನೀ ಇಷ್ಟೊತ್ತಿಗೆ ಅಲ್ಲ ಅಂತಿದ್ದಿ. ನಿನ್ನ ಬಾಯಾಗ ಒಂದು ಕೊಂಬು ತಪ್ಪಂಗಿಲ್ಲ, ನನಗ ಗೊತ್ತದ." ಆಮೇಲೆ ಅಂಗಳದ ತುಳಸಿಕಟ್ಟೆಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು: "ಹಂಗಾದರ ಕಾರಿಂದೂ ಖರೇನ ಇರಬೇಕು. ಅಳಿಯಂದರಿಗೆ ಮೊದಲಿಂದ ಹಿಂದ ನೋಡೂ ಅಭ್ಯಾಸ ಇಲ್ಲ. ಯಲ್ಲಪ್ಪಗ ನಾಳಿಂದ ಬಾ ಅಂತ ಹೇಳು."

ಮರುದಿನ ಕಾಕುವಿನ ಬಾಗಿಲಲ್ಲಿ ಕ್ಯಾನಿನ ಮುಚ್ಚಳ ತೆರೆಯುವ ಸದ್ದು ಕೇಳಿ ನಾನು ಕರಡು ಬಿಟ್ಟು ಎದ್ದು ನಿಂತೆ. ಓಣಿಯ ಉಳಿದ ಮನೆಗಳ ಪಾತ್ರೆಗಳೂ ಹೊರಗೆ ಬಂದವು. ಒನಕೆಯಂಥ ಮೀನು ಹಿಡಿದವರ ಓಣಿ ಎಂದು ನಮ್ಮ ಓಣಿಗೆ ಹೆಸರು ಬಂದಿದೆ. ಪ್ರೆಸ್ಸಿನ ಮಾಲೀಕರು ಮತ್ತೆ ನನ್ನ ಗುರುತು ಬಿದ್ದಲ್ಲಿ ತಿರುಗಿ ನೋಡುವುದನ್ನು ಬಿಟ್ಟಿದ್ದಾರೆ. ಸಿಲಿಂಡರ್ ಬಂದಿದೆ ಎಂದರೆ ವಿಮಲಾ ನೇರವಾಗಿ ಬಾಗಿಲು ತೆರೆಯುತ್ತಾಳೆ. ಎಲ್ಲರೂ ನನ್ನನ್ನು ಈಗ ಮೊದಲಿಗಿಂತ ಹೆಚ್ಚು ನಂಬುತ್ತಾರೆ, ಸರಿಯಾಗಿ ಒಂದು ಒನಕೆಗೂ ಎರಡೂವರೆ ಗೇಣಿಗೂ ಇರುವ ಅಂತರದಷ್ಟು.

ಯಲ್ಲಪ್ಪ ಮಾತ್ರ ಹಾಲು ಅಳೆಯುತ್ತ ಒಮ್ಮೆ ನಕ್ಕ. "ರಾಯರ, ನಾ ಕೈಯಾಗ ಹಿಡಿದ ಮೀನಿಗೂ ಓಣ್ಯಾಗ ಅಡ್ಡಾಡೋ ಮೀನಿಗೂ ಭಾಳ ಫರಕ ಐತ್ರಿ" ಎಂದ. ನಾನು ಉತ್ತರ ಹುಡುಕುತ್ತ ನಿಂತೆ. "ಇರಲಿ ಬಿಡ್ರಿ," ಎಂದು ಅವನೇ ಮುಗಿಸಿದ, "ಬೆಳಿಯೂ ಕೂಸು."

ಇಷ್ಟು ವರ್ಷಗಳಲ್ಲಿ ಒಂದು ಕೊಂಬೂ, ಒಂದು ಸೊನ್ನೆಯೂ ತಪ್ಪಾಗಿ ನನ್ನ ಕೈ ದಾಟಿ ಹೋಗಿಲ್ಲ. ಈ ಒನಕೆಯೊಂದು ದಾಟಿದೆ. ತಿದ್ದುವವನಿದ್ದೇನೆ, ಬಿಡುವವನಲ್ಲ. ಸದ್ಯಕ್ಕೆ ನಿಂತಿದ್ದೇನೆ, ಅಷ್ಟೇ.